ಬೆವರಿಳಿಯುವುದು ಯಾರಿಗೆ?

ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುವ ನನ್ನಂಥವರಿಗೆ ಶಾಸ್ತ್ರದ ದೊಡ್ಡ ಪದಗಳು ಕೊಡುವ ಕಾಟಕ್ಕಿಂತ ದಿನಬಳಕೆಯ ಪದಗಳು ಕೊಡುವ ಕಾಟವೇ ಹೆಚ್ಚು. ‘ಸ್ಕೇದಿಂಗ್’ ಎಂಬುದು ಅಂಥದೊಂದು ಪದ. ಸರಕಾರದ ಮೇಲೆ ನ್ಯಾಯಾಲಯ, ಕಾದಂಬರಿಯ ಮೇಲೆ ವಿಮರ್ಶಕ, ಹೊಸ ಆಟಗಾರನ ಮೇಲೆ ಹಳೆಯ ಆಟಗಾರ ಹರಿಹಾಯ್ದಾಗಲೆಲ್ಲ ಇಂಗ್ಲಿಷ್ ಪತ್ರಿಕೆಗಳಿಗೆ ಅದು ಒದಗುತ್ತದೆ. ಅದರ ಬೇರು ಸ್ಕಾಂಡಿನೇವಿಯದ ಹಳೆಯ ಭಾಷೆಯಲ್ಲಿದೆ. ಅಲ್ಲಿ ಅದಕ್ಕೆ ಹಾನಿ, ಕೇಡು ಎಂದರ್ಥ. ಅಪಘಾತದಲ್ಲಿ ಕೂದಲೂ ಕೊಂಕದೆ ಪಾರಾದವನನ್ನು ಇಂಗ್ಲಿಷಿನಲ್ಲಿ ಇಂದಿಗೂ ‘ಅನ್‌ಸ್ಕೇದ್ಡ್’ ಎನ್ನುತ್ತಾರೆ. ಅಂದಮೇಲೆ ‘ಸ್ಕೇದಿಂಗ್’ ಟೀಕೆಯೆಂದರೆ ಗಾಯ ಮಾಡುವ ಟೀಕೆ. ಇದನ್ನು ಕನ್ನಡದಲ್ಲಿ ಏನೆನ್ನೋಣ?

ಪದಗಳಿಗೇನೂ ಬರವಿಲ್ಲ. ತರಾಟೆಗೆ ತೆಗೆದುಕೊಂಡರು, ಝಾಡಿಸಿದರು, ಛೀಮಾರಿ ಹಾಕಿದರು, ಚಳಿ ಬಿಡಿಸಿದರು, ಬೆವರಿಳಿಸಿದರು, ಮಂಗಳಾರತಿ ಎತ್ತಿದರು. ಬೈಗುಳಕ್ಕೆ ಪೂಜೆಯ ಹೆಸರಿಟ್ಟು ನಗುವ ಚಾತುರ್ಯ ನಮ್ಮ ಭಾಷೆಗಿದೆ. ಆದರೆ ಇವನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಇವು ಮನುಷ್ಯನ ಮೇಲೆ ನಡೆಯುವ ಕ್ರಿಯೆಗಳು. ಪುಸ್ತಕಕ್ಕೆ ಬೆವರಿಳಿಯುವುದಿಲ್ಲ; ವಾದಕ್ಕೆ ಚಳಿಯಾಗುವುದಿಲ್ಲ. “ಬೆವರಿಳಿಸಿದರು” ಎಂದೊಡನೆ ಪುಸ್ತಕ ಮರೆಗೆ ಸರಿದು ಲೇಖಕನೊಬ್ಬನೇ ಅಂಗಳದ ನಡುವೆ ನಿಲ್ಲುತ್ತಾನೆ. ಕೃತಿಗೆ ಬಿದ್ದ ಏಟನ್ನು ಅನುವಾದಕ ಒಂದೇ ಕ್ರಿಯಾಪದದಿಂದ ಕರ್ತೃವಿನ ಬೆನ್ನಿಗೆ ತಿರುಗಿಸಬಲ್ಲ. ಇದು ವ್ಯಾಕರಣದ ಮಾತಷ್ಟೇ ಅಲ್ಲ, ನ್ಯಾಯದ ಮಾತು.

ಇಂಗ್ಲಿಷೇನೂ ಸಾಧುವಲ್ಲವೆನ್ನಿ. ಅಲ್ಲಿನ ‘ಎಕ್ಸ್‌ಕೋರಿಯೇಟ್’ ಲ್ಯಾಟಿನ್ನಿನಿಂದ ಬಂದದ್ದು. ಚರ್ಮ ಸುಲಿಯುವುದೆಂದೇ ಅದರ ಮೂಲಾರ್ಥ.

ನಮ್ಮ ‘ಟೀಕೆ’ಯ ಚರಿತ್ರೆ ಬೇರೆ. ಸಂಸ್ಕೃತದಲ್ಲಿ ಅದಕ್ಕೆ ವ್ಯಾಖ್ಯಾನ, ಅರ್ಥವಿವರಣೆ ಎಂದೇ ಅರ್ಥ. 14ನೆಯ ಶತಮಾನದ ಜಯತೀರ್ಥರು ಮಧ್ವಾಚಾರ್ಯರ ಗ್ರಂಥಗಳಿಗೆ ವಿವರಣೆ ಬರೆದದ್ದರಿಂದ ‘ಟೀಕಾಚಾರ್ಯ’ರೆಂಬ ಗೌರವಕ್ಕೆ ಪಾತ್ರರಾದರು. ಇಂದು ಯಾರನ್ನಾದರೂ ಟೀಕಾಚಾರ್ಯರೆಂದರೆ ಜಗಳಕ್ಕೆ ಬಂದಾರು! ‘ವಿಮರ್ಶೆ’ಯ ಧಾತುವಿಗೆ ಮುಟ್ಟು, ಸವರು ಎಂಬ ಅರ್ಥವಿದೆ; ಕೈಯಿಂದ ಮುಟ್ಟಿ ನೋಡುವುದು ಮನಸ್ಸಿನಿಂದ ಮುಟ್ಟಿ ನೋಡುವುದಾಯಿತು. ‘ಕಟು’ವಾದರೂ ಷಡ್ರಸಗಳಲ್ಲೊಂದು, ಆಯುರ್ವೇದದಲ್ಲಿ ಅದು ಖಾರ. ಶುಂಠಿ, ಮೆಣಸು, ಹಿಪ್ಪಲಿ ಸೇರಿದ ‘ತ್ರಿಕಟು’ ಔಷಧವೇ ಆಗಿದೆ. ಆದ್ದರಿಂದ ನಾವು ಯೋಚಿಸದೆ ಬರೆಯುವ ‘ಕಟು ಟೀಕೆ’ಯನ್ನು ಬಿಡಿಸಿದರೆ ದೊರೆಯುವುದು ಖಾರವಾದ ವಿವರಣೆ. ನಾಲಗೆ ಉರಿಯುತ್ತದೆ, ಆದರೆ ಏಕೆ, ಏನು ಎಂಬುದೂ ತಿಳಿಯುತ್ತದೆ.

ಹಾಗಾದರೆ ಮೃದುವಾಗಿಯೇ ಮಾತಾಡಬೇಕೆ? ಹಾಗೂ ಹೇಳಲಾರೆ. ರಾಜಾಜಿನಗರ, ವಿಜಯನಗರಗಳ ಸಭಾಂಗಣಗಳಲ್ಲಿ ಭಾನುವಾರದ ಪುಸ್ತಕ ಬಿಡುಗಡೆಗೆ ಹೋದವರಿಗೆಲ್ಲ ಗೊತ್ತು: ವೇದಿಕೆಯ ಮೇಲೆ ಪ್ರತಿ ಪುಸ್ತಕವೂ ‘ಶ್ಲಾಘನೀಯ ಪ್ರಯತ್ನ’ವೇ. ಮಂಗಳಾರತಿ ನಡೆಯುವುದು ಆಮೇಲೆ, ಹೋಟೆಲಿನ ಕಾಫಿಯ ಮುಂದೆ, ಲೇಖಕ ಇಲ್ಲದಾಗ. ಕೈಯಿಂದ ಹಣ ಹಾಕಿ ಅಚ್ಚು ಹಾಕಿಸಿದ ಆತ ಹಾರದೊಂದಿಗೆ ಮನೆಗೆ ಹೋಗಿ ಎರಡನೆಯ ಪುಸ್ತಕವನ್ನೂ ಅದೇ ದೋಷಗಳೊಂದಿಗೆ ಬರೆಯಲು ಕೂರುತ್ತಾನೆ. ಎದುರಿಗೆ ಆಡಿದ ಖಾರದ ಮಾತಿಗಿಂತ ಈ ಸಕ್ಕರೆ ಹೆಚ್ಚು ನಿರ್ದಯವಲ್ಲವೆ?

ಕಠಿಣ ಮಾತು ಬೇಕು. ಆದರೆ ಅದು ಯಾರಿಂದ ಯಾರ ಕಡೆಗೆ ಹೋಗುತ್ತದೆಂಬುದನ್ನೂ ನೋಡಬೇಕು. ನ್ಯಾಯಾಲಯ ಸರಕಾರಕ್ಕೆ ‘ಛೀಮಾರಿ’ ಹಾಕಿತೆಂದು ಓದಿದಾಗ ನಮಗೆ ಹಿತವೆನಿಸುತ್ತದೆ. ಅಲ್ಲಿ ತೀರ್ಪಿದೆ, ಅದರಲ್ಲಿ ಕಾರಣಗಳಿವೆ, ಮೇಲಿನ ನ್ಯಾಯಾಲಯಕ್ಕೆ ಹೋಗುವ ದಾರಿಯಿದೆ. ಅದೇ ಪದವನ್ನು ಉಪಾಧ್ಯಾಯ ಮತ್ತು ಬಾಲಕ, ಯಜಮಾನ ಮತ್ತು ಕೆಲಸದವನ ನಡುವೆ ಇಟ್ಟು ನೋಡಿ: ಮೇಲ್ಮನವಿ ಎಲ್ಲಿ? ನಮ್ಮ ನೆರೆಮನೆಯ ಹುಡುಗನೊಬ್ಬ ಒಂದು ಸಂಜೆ ಕೆಲಸದಿಂದ ಬಂದು, “ಇವತ್ತು ಮೀಟಿಂಗಿನಲ್ಲಿ ನನ್ನನ್ನು ರೋಸ್ಟ್ ಮಾಡಿಬಿಟ್ಟರು” ಎಂದು ನಕ್ಕ. ಹುರಿದು ಮುಕ್ಕಿದರು ಎಂಬುದಕ್ಕೆ ಈಗಿನವರ ಮಾತು ಅದು. ತಪ್ಪು ಯಾವುದೆಂದು ಕೇಳಿದೆ. “ಅದನ್ನು ಯಾರೂ ಹೇಳಲಿಲ್ಲ” ಎಂದ. ಅಂದು ರಾತ್ರಿ ಅವನು ಊಟ ಮಾಡಲಿಲ್ಲವೆಂದು ಮರುದಿನ ಅವನ ತಾಯಿ ಹೇಳಿದರು. ಗಾಯವಾಯಿತು, ವಿವರಣೆ ಮಾತ್ರ ದೊರೆಯಲಿಲ್ಲ.

ನಮ್ಮ ಬಡಾವಣೆ ಹೊತ್ತಿರುವುದು ಬಸವಣ್ಣನವರ ಹೆಸರನ್ನು. 12ನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿ ಅಧಿಕಾರದಲ್ಲಿದ್ದವರು ಅವರು. ಮನಸ್ಸು ಮಾಡಿದ್ದರೆ ಕೆಳಗಿನವರನ್ನು ಗದರಿಸಿಕೊಂಡೇ ಕಾಲ ಕಳೆಯಬಹುದಿತ್ತು. ಅವರ ವಚನಗಳ ಕಟುತ್ವವಾದರೋ ಕುಲದ ಹಮ್ಮಿನವರನ್ನೂ ಡಾಂಭಿಕರನ್ನೂ ತಾಕಿತು. ಅಷ್ಟೇ ಕಟುವಾಗಿ ತಮ್ಮನ್ನೇ ತಾವು ವಿಚಾರಿಸಿಕೊಂಡಿತು. ತನ್ನನ್ನು ಹೊರಗಿಡದ ಮಾತಿಗೆ ಇನ್ನೊಬ್ಬರನ್ನು ಚುಚ್ಚುವ ಹಕ್ಕು ಸ್ವಲ್ಪ ಬರುತ್ತದೆ.

ಆದಕಾರಣ ‘ಸ್ಕೇದಿಂಗ್’ ಎದುರಾದಾಗ ನಾನು ನಿಘಂಟಿಗೆ ಮೊದಲು ಆ ಮಾತಿನ ಒಡಲನ್ನೇ ತೆರೆದು ನೋಡುತ್ತೇನೆ. ಖಾರವನ್ನೆಲ್ಲ ಸೋಸಿ ತೆಗೆದ ಮೇಲೂ ಕಾರಣವೆಂಬುದೊಂದು ಉಳಿದರೆ ‘ಕಟು ಟೀಕೆ’ ಎಂದು ಬರೆಯುತ್ತೇನೆ. ಏನೂ ಉಳಿಯದಿದ್ದರೆ, ಆಡಿದವರು ಎಷ್ಟೇ ದೊಡ್ಡವರಾಗಿರಲಿ, ‘ಬೈದರು’ ಎಂಬ ನಾಲ್ಕು ಮಾತ್ರೆಯ ಹಳೆಯ ಕನ್ನಡವೇ ಸಾಕು.