ಎರಡನೆಯ ಬೀಗದ ಕೈ



ಹತ್ತು ಮಂದಿ ಕನ್ಯೆಯರ ಸಾಮ್ಯವನ್ನು ನೀವು ಅನೇಕ ಸಾರಿ ಕೇಳಿದ್ದೀರಿ. ಅದು ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಬರೆದದೆ. ಹತ್ತು ಮಂದಿಗೂ ದೀಪವಿತ್ತು. ಹತ್ತು ಮಂದಿಯೂ ಹೊರಟರು. ಹತ್ತು ಮಂದಿಯೂ ತೂಕಡಿಸಿದರು. ಅವರೊಳಗಿನ ಭೇದವಾದರೋ ಒಂದೇ. ಐವರು ಹೆಚ್ಚಿನ ಎಣ್ಣೆಯನ್ನು ತಮ್ಮ ಸಂಗಡ ತಂದಿದ್ದರು. ಉಳಿದ ಐವರ ಎಣ್ಣೆಯು ಅಂಗಡಿಯಲ್ಲಿತ್ತು. ಲೋಕದಲ್ಲಿ ಎಣ್ಣೆಗೆ ಕೊರತೆ ಇರಲಿಲ್ಲ; ನಡುರಾತ್ರಿಯಲ್ಲಿ ಅದು ದೂರವಾಗಿತ್ತು, ಅಷ್ಟೇ. ಈ ಬುದ್ಧಿಯನ್ನು ಇಂದು ದಿನದ ಬದುಕಿನ ಒಂದು ಸಣ್ಣ ವಸ್ತುವಿನ ವಿಷಯದಲ್ಲಿ ವಿಚಾರಿಸೋಣ. ಆ ವಸ್ತುವು ಮೋಟಾರ್ ಸೈಕಲಿನ ಎರಡನೆಯ ಬೀಗದ ಕೈ.

ಹೊಸ ಮೋಟಾರ್ ಸೈಕಲನ್ನು ಕೊಂಡಾಗ ಸಾಧಾರಣವಾಗಿ ಎರಡು ಬೀಗದ ಕೈಗಳು ದೊರೆಯುತ್ತವೆ. ಒಂದು ದಿನವೂ ದುಡಿಯುತ್ತದೆ. ಇನ್ನೊಂದು ಪೆಟ್ಟಿಗೆಯಲ್ಲಿ ಕಾಗದಪತ್ರಗಳ ಅಡಿಯಲ್ಲಿ ನಿದ್ರಿಸುತ್ತದೆ. ಅನೇಕ ವಾಹನಗಳಲ್ಲಿ ಇಂಜಿನನ್ನು ಎಬ್ಬಿಸುವದೂ ಹ್ಯಾಂಡಲಿನ ಬೀಗವನ್ನು ಬಿಡಿಸುವದೂ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ತೆರೆಯುವದೂ ಸೀಟನ್ನು ಎತ್ತುವದೂ ಒಂದೇ ಕೈಯಿಂದ ಆಗತಕ್ಕದ್ದು. ಆದಕಾರಣ ಅದೊಂದನ್ನು ಕಳಕೊಂಡವನಿಗೆ ನಾಲ್ಕು ಬಾಗಲುಗಳು ಒಟ್ಟಿಗೆ ಮುಚ್ಚಿಹೋಗುತ್ತವೆ.

ಒಬ್ಬ ಸಹೋದರನು ಮಂಗಳೂರಿನಿಂದ ತಾಯಿಯ ಔಷಧವನ್ನು ಕೊಂಡು ಉಜಿರೆಯನ್ನು ದಾಟಿ ಚಾರ್ಮಾಡಿ ಘಟ್ಟವನ್ನೇರಿ ಕೊಟ್ಟಿಗೆಹಾರದ ಕಡೆಗೆ ಹೋಗುತ್ತಿದ್ದಾನೆಂದು ನೆನಸಿರಿ. ಮಳೆಗಾಲದ ಸಂಜೆ. ಅವನು ದಾರಿಯಲ್ಲಿ ಇಳಿದು, ಹ್ಯಾಂಡಲಿಗೆ ಬೀಗ ಹಾಕಿ, ಮಳೆಯಂಗಿಯನ್ನು ಸರಿಮಾಡಿಕೊಳ್ಳುವಾಗ ಬೀಗದ ಕೈಯು ಜಾರಿ ರಸ್ತೆಯ ಪಕ್ಕದ ನೀರಿನಲ್ಲಿ ಹೋಯಿತು. ಕತ್ತಲಾಗುತ್ತದೆ, ಮಂಜು ಕವಿಯುತ್ತದೆ. ಹ್ಯಾಂಡಲು ತಿರುಗದಿರುವದರಿಂದ ವಾಹನವನ್ನು ನೂಕಿಕೊಂಡು ಹೋಗುವದಕ್ಕೂ ಆಗದು. ಎರಡನೆಯ ಕೈಯಾದರೋ ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಹೌದು, ಅದು ಕಳ್ಳನಿಂದ ಭದ್ರವಾಗಿದೆ, ಒಡೆಯನಿಂದಲೂ ಭದ್ರವಾಗಿದೆ. ತಾಯಿಯ ಔಷಧವು ದಾರಿಯಲ್ಲಿ ನಿಂತಿತು.

ಇದನ್ನು ಕೇಳಿದ ಇನ್ನೊಬ್ಬನು, ನಾನು ಎರಡನೆಯದನ್ನು ಸೀಟಿನ ಕೆಳಗೆ ಇಟ್ಟಿದ್ದೇನೆ, ಅನ್ನುವನು. ಸಹೋದರನೇ, ಆ ಸೀಟನ್ನು ಯಾವದರಿಂದ ತೆರೆಯುವಿ? ಕಳೆದುಹೋದ ಕೈಯಿಂದಲೇ ಅಲ್ಲವೋ? ಬೀಗ ಹಾಕಿದ ಪಕ್ಕದ ಪೆಟ್ಟಿಗೆಯ ಗತಿಯೂ ಅದೇ. ಮತ್ತೊಬ್ಬನು ಅಯಸ್ಕಾಂತವುಳ್ಳ ಡಬ್ಬಿಯಲ್ಲಿ ಹಾಕಿ ವಾಹನದ ಅಡಿಯಲ್ಲಿ ಅಂಟಿಸುತ್ತಾನೆ. ಪ್ಲಾಸ್ಟಿಕ್ಕಿಗೂ ಅಲ್ಯುಮಿನಿಯಮ್ಮಿಗೂ ಅಯಸ್ಕಾಂತವು ಹಿಡಿಯದು. ಕಬ್ಬಿಣಕ್ಕೆ ಹಿಡಿದರೂ ನಮ್ಮ ಊರ ದಾರಿಯ ಹೊಂಡಗಳಲ್ಲಿ ಕುಲುಕಿ ಬಿದ್ದುಹೋಗಬಹುದು. ಅಂಟುಪಟ್ಟಿಯಿಂದ ಇಂಜಿನಿನ ಬಳಿ ಕಟ್ಟಿದರೆ ಕಾವಿಗೆ ಅಂಟು ಸಡಲುವದು. ಇವೆಲ್ಲವುಗಳಿಗಿಂತ ದೊಡ್ಡ ಕೇಡು ಯಾವದಂದರೆ, ಮಡ್‌ಗಾರ್ಡಿನ ಅಡಿಯನ್ನು ಬಲ್ಲವನು ನೀನೊಬ್ಬನೇ ಅಲ್ಲ, ಕಳ್ಳನೂ ಬಲ್ಲನು. ಬೀಗದ ಸಂಗಡ ಅದರ ಕೈಯನ್ನೂ ಬಿಟ್ಟುಹೋಗುವವನು ಬೀಗ ಹಾಕಿದವನಲ್ಲ. ಅದಲ್ಲದೆ ನಮ್ಮ ದೇಶದಲ್ಲಿ ಕಳುವಾದ ವಾಹನಕ್ಕಾಗಿ ವಿಮೆಯ ಹಣವನ್ನು ಕೇಳುವಾಗ ಎರಡು ಬೀಗದ ಕೈಗಳನ್ನೂ ಒಪ್ಪಿಸಬೇಕೆಂದು ಕಂಪೆನಿಯವರು ಸಾಮಾನ್ಯವಾಗಿ ಕೇಳುತ್ತಾರೆ. ಒಂದನ್ನು ವಾಹನದಲ್ಲಿಯೇ ಬಿಟ್ಟವನು ಏನನ್ನು ಒಪ್ಪಿಸುವನು?

ಹೀಗಿರಲಾಗಿ ನಾವು ಮಾಡತಕ್ಕದ್ದೇನು? ವಾಹನದಲ್ಲಿಯೂ ಬೇಡ, ದೂರದ ಮನೆಯಲ್ಲಿ ಮಾತ್ರವೂ ಬೇಡ. ಹೆಚ್ಚಿನ ಕೈಯು ಸವಾರನ ಮೈಮೇಲೆ, ಮೊದಲನೆಯದರಿಂದ ಪ್ರತ್ಯೇಕವಾಗಿ ಇರಬೇಕು.

ಮೊದಲನೆಯದಾಗಿ, ಪ್ರತ್ಯೇಕವಾಗಿ ಎಂಬ ಮಾತನ್ನು ಗಮನಿಸಿರಿ. ಒಂದೇ ಬಳೆಗೆ ಪೋಣಿಸಿದ ಎರಡು ಕೈಗಳು ಎರಡಲ್ಲ, ಒಂದೇ. ಯಾಕಂದರೆ ಅವು ಒಟ್ಟಿಗೆ ಕಳೆದುಹೋಗುವವು. ಗುಂಡಿ ಇಲ್ಲವೆ ಜಿಪ್ಪು ಇರುವ ಒಳಜೇಬಿನಲ್ಲಾಗಲಿ, ಸೊಂಟಪಟ್ಟಿಯ ಒಳಮಗ್ಗುಲಲ್ಲಿ ಹೊಲಿದ ಸಣ್ಣ ಚೀಲದಲ್ಲಾಗಲಿ ಅದನ್ನು ಇಡಿರಿ. ಫೋನನ್ನು ಆಗಾಗ್ಗೆ ಎಳೆದು ತೆಗೆಯುವ ಜೇಬು ಬೇಡ. ಬಿದ್ದಾಗ ಎದೆಗೂ ಎಲುಬಿಗೂ ಒತ್ತುವ ಸ್ಥಳವೂ ಬೇಡ. ಬಟ್ಟೆಯಲ್ಲಿ ಸುತ್ತಿ ಚಪ್ಪಟೆಯಾಗಿ ಇಡುವದು ಒಳ್ಳೇದು. ವಾಹನಕ್ಕೆ ಕಟ್ಟಿದ ಚೀಲದಲ್ಲಿ ಇಡಬೇಡಿರಿ; ವಾಹನ ಹೋದರೆ ಚೀಲವೂ ಹೋಗುವದು.

ಎರಡನೆಯದಾಗಿ, ಇಬ್ಬರು ಕೂಡಿ ಸವಾರಿ ಮಾಡುವಾಗ ಹಿಂದೆ ಕೂತವರು ಅದನ್ನು ಇಟ್ಟುಕೊಳ್ಳಲಿ. ಎರಡು ವಾಹನಗಳಲ್ಲಿ ಹೋಗುವವರು ಒಬ್ಬರ ಕೈಯನ್ನು ಒಬ್ಬರು ಇಟ್ಟುಕೊಳ್ಳಲಿ. ನಂಬಿಗಸ್ತನಾದ ಜತೆಗಾರನಿಗಿಂತ ಒಳ್ಳೇ ಜೇಬು ಯಾವದು?

ಮೂರನೆಯದಾಗಿ, ಮನೆಯಲ್ಲಿಯೂ ಒಂದು ಇರಲೇಬೇಕಾದದರಿಂದ ಮೂರನೆಯದನ್ನು ಮಾಡಿಸಿರಿ. ದಿನವೂ ಬಳಸಿ ಸವೆದದ್ದರಿಂದ ಅಚ್ಚು ತೆಗೆಸಬೇಡಿರಿ. ಬೀಗದೊಳಗಿನ ತೆಳ್ಳಗಿನ ಲೋಹದ ತಗಡುಗಳನ್ನು ಕೈಯ ಹಲ್ಲುಗಳು ಸರಿಯಾದ ಅಳತೆಗೆ ಸರಿಸಿದರೆ ಮಾತ್ರ ಬೀಗವು ತಿರುಗುತ್ತದೆ. ಸವೆದದ್ದರ ಪ್ರತಿಯು ಸವೆತವನ್ನೂ ಪಡೆದೇ ಹುಟ್ಟುತ್ತದೆ. ಪೆಟ್ಟಿಗೆಯಲ್ಲಿರುವ ಹೊಸದರಿಂದಲೇ ಮಾಡಿಸಿ, ಆ ಮೂಲವನ್ನು ಪುನಃ ಮನೆಯಲ್ಲಿಟ್ಟು, ಪ್ರತಿಯನ್ನು ದಾರಿಗೆ ಕೊಂಡುಹೋಗಿರಿ. ಕೈಯ ಸಂಖ್ಯೆಯನ್ನು ಕೆತ್ತಿದ ಸಣ್ಣ ಬಿಲ್ಲೆಯನ್ನು ಕೊಟ್ಟಿದ್ದರೆ ಅದೂ ಮನೆಯಲ್ಲಿರಲಿ. ಆ ಸಂಖ್ಯೆಯನ್ನು ನೋಡಿ ಹೊಸದನ್ನು ಮಾಡುವದಕ್ಕಾಗುವದರಿಂದ ಅದನ್ನು ಬಳೆಯಲ್ಲಿ ತೂಗಹಾಕಬಾರದು.

ನಾಲ್ಕನೆಯದಾಗಿ, ಶೋಧಿಸದ ಕೈಯನ್ನು ನಂಬಬೇಡಿರಿ. ಹೊರಡುವದಕ್ಕೆ ಮುಂಚೆಯೇ ಪ್ರತಿಯನ್ನು ಪ್ರತಿಯೊಂದು ಬೀಗಕ್ಕೂ ಹಾಕಿ ತಿರುಗಿಸಿ ನೋಡಿರಿ. ಕೆಲವು ವಾಹನಗಳಲ್ಲಿ ಕೈಯ ತಲೆಯೊಳಗೆ ಚಿಪ್ಪು ಇದೆ. ವಾಹನವು ಅದರ ಗುರುತನ್ನು ಹಿಡಿಯದೆ ಇಂಜಿನು ಏಳದು. ಬರಿಯ ಲೋಹದ ಪ್ರತಿಯು ಹ್ಯಾಂಡಲನ್ನು ಬಿಡಿಸಬಹುದು, ಸೀಟನ್ನು ತೆರೆಯಬಹುದು. ಆದರೆ ಅದು ಮನೆಗೆ ಮುಟ್ಟಿಸಲಾರದು. ಇನ್ನು ಕೆಲವುಗಳಲ್ಲಿ ಬೀಗದ ತೂತಿಗೆ ಒಂದು ಮುಚ್ಚಳವಿದ್ದು, ಕೈಯ ತಲೆಯಲ್ಲಿರುವ ಅಯಸ್ಕಾಂತದಿಂದಲೇ ಅದು ತೆರೆಯುತ್ತದೆ. ಇಂಥ ವಾಹನವುಳ್ಳವರು ಬಲ್ಲ ಮೆಕ್ಯಾನಿಕನ ಹತ್ತರ ಸರಿಯಾದದ್ದನ್ನೇ ಮಾಡಿಸಲಿ. ಖರ್ಚು ಹೆಚ್ಚಾದರೂ ನಡುದಾರಿಯ ಖರ್ಚಿಗಿಂತ ಕಡಮೆಯೇ.

ಕೆಲವರು, ದೇವರು ಕಾಪಾಡುವನು, ಇಷ್ಟು ಚಿಂತೆ ಯಾಕೆ, ಅನ್ನುತ್ತಾರೆ. ಪ್ರಿಯರೇ, ಚಿಂತೆ ಬೇರೆ, ಎಚ್ಚರ ಬೇರೆ. ಚಿಂತೆಯು ದಾರಿಯುದ್ದಕ್ಕೂ ಮನಸ್ಸನ್ನು ತಿನ್ನುವದು. ಎಚ್ಚರವು ಹೊರಡುವ ಮೊದಲು ಒಂದು ಗಳಿಗೆ ಕೆಲಸ ಮಾಡಿ ಆ ಮೇಲೆ ಮನಸ್ಸನ್ನು ನೆಮ್ಮದಿಯಲ್ಲಿ ಬಿಡುವದು. ಪಾತ್ರೆಯಲ್ಲಿ ಎಣ್ಣೆ ತಂದ ಕನ್ಯೆಯರು ನಿಶ್ಚಿಂತೆಯಾಗಿ ನಿದ್ರಿಸಿದರು. ಅವರ ನಿದ್ರೆಯಿಂದ ಅವರಿಗೆ ಕೇಡಾಗಲಿಲ್ಲ. ನಮ್ಮ ವಾಹನವು ನಮಗಾಗಿ ಮಾತ್ರ ಓಡುವದಿಲ್ಲ. ಹೆರಿಗೆಯ ಹೊತ್ತಿನಲ್ಲಿ ದಾದಿಯನ್ನು ಕರತರುವದಕ್ಕೂ, ಪರೀಕ್ಷೆಯ ದಿನ ಮಗುವನ್ನು ಶಾಲೆಗೆ ಮುಟ್ಟಿಸುವದಕ್ಕೂ, ನೆರೆಯವನ ರೋಗಕ್ಕೆ ಔಷಧ ತರುವದಕ್ಕೂ ಅದು ಬೇಕು. ಒಬ್ಬನ ಅಜಾಗ್ರತೆಯು ಮನೆಯವರೆಲ್ಲರನ್ನು ಕಾಯಿಸುವದು.

ಆದಕಾರಣ ಈ ಸಾಯಂಕಾಲವೇ ಪೆಟ್ಟಿಗೆಯನ್ನು ತೆರೆದು, ನಿದ್ರಿಸುತ್ತಿರುವ ಆ ಕೈಯನ್ನು ಎಬ್ಬಿಸಿರಿ. ಪ್ರತಿಯನ್ನು ಮಾಡಿಸಿರಿ, ಶೋಧಿಸಿರಿ, ಒಳಜೇಬನ್ನು ಹೊಲಿಸಿರಿ. ಮೂಲವು ಎಲ್ಲಿದೆ ಎಂಬದನ್ನು ಮನೆಯಲ್ಲಿ ನಂಬಿಗಸ್ತರಾದ ಒಬ್ಬರಿಗೆ ತಿಳಿಸಿರಿ. ಮತ್ತು ಪ್ರತಿ ಸಾರಿ ಹೊಸ್ತಿಲನ್ನು ದಾಟುವ ಮೊದಲು ಎರಡನೆಯದು ತನ್ನ ಸ್ಥಳದಲ್ಲಿದೆಯೋ ಎಂದು ಕೈಯಿಂದ ಮುಟ್ಟಿ ನೋಡಿಕೊಂಡು ಸಮಾಧಾನದಿಂದ ಹೋಗಿರಿ.