ತೀರದಲ್ಲಿ ಸಿಕ್ಕಿದ ಗುಂಡು



ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಸ್ಲಾಪ್ಟನ್ ಎಂಬ ಕಡಲತೀರವುಂಟು. ಅದರ ಉರುಟುಕಲ್ಲುಗಳ ನಡುವೆ ಯಾರಿಗಾದರೂ ಹಳೆಯ ಕೋವಿಗುಂಡು ಸಿಕ್ಕಿತೆನ್ನಿರಿ. ಅದನ್ನು ಅಂಗೈಯಲ್ಲಿಟ್ಟುಕೊಂಡ ಕೂಡಲೇ, ಇದು ಶತ್ರುವಿನದೇ ಎಂದು ತೀರ್ಪು ಹೇಳುವದು ಮನುಷ್ಯಸ್ವಭಾವವಾಗಿದೆ. ಆದರೆ ಗುಂಡು ತನ್ನ ಸಾಕ್ಷಿಯನ್ನು ತನ್ನ ಮೈಮೇಲೆಯೇ ಹೊತ್ತಿರುತ್ತದೆ. ಆ ಸಾಕ್ಷಿಯನ್ನು ವಿಚಾರಿಸದೆ ತೀರ್ಪು ಹೇಳಲು ನಮಗೆ ಅಧಿಕಾರವೇನು?

ಕೋವಿಯ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಹಾರಿದ ಗುಂಡಿನ ಮೇಲೆ ಅವುಗಳ ಅಚ್ಚು ಬೀಳುತ್ತದೆ. ಉಪ್ಪುನೀರು ಅದನ್ನು ತಿಂದುಬಿಡದಿದ್ದರೆ ಎಣಿಸಬಹುದು. ಇಂಗ್ಲಿಷರ ಲೀ-ಎನ್‌ಫೀಲ್ಡ್ ಕೋವಿಗೆ ಸಾಮಾನ್ಯವಾಗಿ 5 ಗೀರುಗಳು, ಎಡಕ್ಕೆ ತಿರುಗಿದವು. ಅಮೇರಿಕದವರ ಗ್ಯಾರಂಡ್ ಕೋವಿಗೆ 4, ಬಲಕ್ಕೆ ತಿರುಗಿದವು. ಜರ್ಮನರ ಮೌಸರ್ ಕೋವಿಗೂ 4, ಅವೂ ಬಲಕ್ಕೇ! ಹೀಗಿರಲಾಗಿ ಅಳೆಯದೆ ಗತಿಯಿಲ್ಲ. ಅಮೇರಿಕದವರ ಗುಂಡಿನ ದಪ್ಪ ಸುಮಾರು 7.8 ಮಿಲ್ಲಿಮೀಟರು, ಜರ್ಮನರದು 8.2. ಮಿತ್ರನಿಗೂ ಶತ್ರುವಿಗೂ ಇರುವ ಭೇದವು ಅರ್ಧ ಮಿಲ್ಲಿಮೀಟರಿಗಿಂತಲೂ ಕಡಿಮೆಯೇ.

ಈ ತೀರದಲ್ಲಿ ಗುಂಡು ಹಾರಿಸಿದವರು ಹೆಚ್ಚಾಗಿ ಮಿತ್ರರೇ. ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿಯುವದಕ್ಕಾಗಿ ಅಮೇರಿಕದ ದಂಡು ಇಲ್ಲಿ ನಿಜವಾದ ಮದ್ದುಗುಂಡುಗಳಿಂದಲೇ ಅಭ್ಯಾಸಮಾಡಿತು. ಅದಕ್ಕೋಸ್ಕರ 1943ನೆಯ ಡಿಸೆಂಬರದಲ್ಲಿ ಸುಮಾರು 3,000 ಜನರು ಹೊಲಮನೆಗಳನ್ನೂ ದನಕರುಗಳಿದ್ದ ಕೊಟ್ಟಿಗೆಗಳನ್ನೂ ದೇವಾಲಯಗಳನ್ನೂ ತೆರವುಮಾಡಿ ಹೊರಟರು. ಬರಲಿದ್ದ ಪರದೇಶದ ಸಿಪಾಯಿಗಳು ದೇವಾಲಯವನ್ನು ಜೋಪಾನಮಾಡಬೇಕೆಂದು ಎಕ್ಸೆಟರಿನ ಬಿಷಪರು ಬೇಡಿಕೊಂಡ ಪತ್ರವನ್ನು ಅಲ್ಲಲ್ಲಿ ಅಂಟಿಸಿದ್ದರು. 1944ನೆಯ ಏಪ್ರಿಲ್ 28ರ ನಸುಕಿನಲ್ಲಿ ಅದೇ ಅಭ್ಯಾಸಕ್ಕೆ ಬರುತ್ತಿದ್ದ ಹಡಗುಗಳ ಮೇಲೆ ಜರ್ಮನರ ವೇಗದ ದೋಣಿಗಳು ಬಿದ್ದವು. 600ಕ್ಕಿಂತ ಹೆಚ್ಚು ಮಂದಿ ಸತ್ತರು. ಶತ್ರುವಿನ ಕೆಲಸವೂ ಮಿತ್ರನ ಕೆಲಸವೂ ಒಂದೇ ನೀರಿನಲ್ಲಿ ನಡೆದಿರುವಾಗ ಒಂದು ತುಂಡು ಸೀಸವನ್ನು ನೋಡಿ ಯಾರದೆಂದು ಥಟ್ಟನೆ ಹೇಳುವದು ಸುಲಭವೋ?

ನಮ್ಮ ಊರುಗಳಲ್ಲಿ ಬೇಲಿ ಮುರಿದರೆ, ಕರು ಕಾಣೆಯಾದರೆ, ನಾಲಿಗೆಗೆ ಮೊದಲು ಬರುವದು ಹಳೆಯ ಹಗೆಯವನ ಹೆಸರು. ಗೀರುಗಳನ್ನು ನಾವು ಎಣಿಸುವದಿಲ್ಲ; ಅಳತೆಗೋಲನ್ನು ಕೈಗೆತ್ತಿಕೊಳ್ಳುವದೂ ಇಲ್ಲ. ಹೃದಯಗಳನ್ನು ಪರಿಶೋಧಿಸುವ ಕರ್ತನಾದರೋ ಎಣಿಸುತ್ತಾನೆ, ಅಳೆಯುತ್ತಾನೆ. ನಮ್ಮ ಮೇಲಿರುವ ಗೀರುಗಳೂ ಆತನಿಗೆ ಮರೆಯಾಗಿಲ್ಲ.

ಕಡಲತೀರದ ಸಭೆಗಳವರಿಗೆ ಇನ್ನೊಂದು ಮಾತು. ಗುಂಡು ಹಿತ್ತಾಳೆಯ ಕೊಳವೆಯೊಳಗೆ ಇನ್ನೂ ಕೂತಿದ್ದರೆ ಅದು ಹಾರದ ತೋಟಾ. ಎಷ್ಟು ವರುಷ ನೀರಿನಲ್ಲಿದ್ದರೂ ಒಳಗಿನ ಮದ್ದು ಕೆಟ್ಟಿದೆಯೆಂದು ನಂಬಬಾರದು. ಗುರುತು ಹಿಡಿಯುವ ಆಸೆಯಿಂದ ಅದನ್ನು ಉಜ್ಜಬೇಡಿರಿ, ಬಡಿಯಬೇಡಿರಿ, ಒಲೆಯ ಹತ್ತಿರ ಒಯ್ಯಬೇಡಿರಿ. ಬಿದ್ದಲ್ಲಿಯೇ ಬಿಟ್ಟು, ಮಕ್ಕಳನ್ನು ದೂರ ನಿಲ್ಲಿಸಿ, ಪೋಲೀಸರಿಗೆ ಹೇಳಿಕಳುಹಿಸಿರಿ.