ಕಂಡವರಿಲ್ಲದ ಕಾಳಗ

1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ಸೆಪ್ಟೆಂಬರ್ 7ರ ನಸುಕಿನಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಗೆ ದಾಳಿಯಿಡಬೇಕಿದ್ದ 12 ಮಿಸ್ಟೀರ್ ವಿಮಾನಗಳ ಪಟ್ಟಿಯಲ್ಲಿ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರಿರಲಿಲ್ಲ. ಯಾರಾದರೂ ತಪ್ಪಿಸಿಕೊಂಡರೆ ಇರಲಿ ಎಂದು ಇಟ್ಟ ಸ್ಟ್ಯಾಂಡ್‌ಬೈ ಪೈಲಟ್ ಅವರು. ಒಂದು ವಿಮಾನ ಹಿಂದುಳಿಯಿತು, ಸ್ಕ್ವಾಡ್ರನ್ ಲೀಡರ್ ದೇವಯ್ಯ ಸೇರಿಕೊಂಡರು. ಮರಳಿ ಬರಲಿಲ್ಲ. ಕಡತದಲ್ಲಿ ‘ಕಾಣೆಯಾದವರು’ ಎಂದಾಯಿತು.

ಏನು ನಡೆಯಿತೆಂಬುದು ಗೊತ್ತಿದ್ದದ್ದು ಎದುರಾಳಿಗೆ ಮಾತ್ರ. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್‌ನಲ್ಲಿ ಬೆನ್ನಟ್ಟಿ ಬಂದ ಅಮ್ಜದ್ ಹುಸೇನ್ ಹೊಡೆದ ಗುಂಡು ಮಿಸ್ಟೀರ್‌ಗೆ ತಾಗಿತು. ಏಟು ತಿಂದ ದೇವಯ್ಯ ಓಡಲಿಲ್ಲ, ತಿರುಗಿ ಬಿದ್ದರು. ತಮಗಿಂತ ಎಷ್ಟೋ ಬಲಶಾಲಿಯಾದ ಆ ವಿಮಾನವನ್ನು ಉರುಳಿಸಿದರು. ಅಮ್ಜದ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ಉಳಿಯಲಿಲ್ಲ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಆ ಯುದ್ಧದ ಕಥೆಯನ್ನು ಪಾಕಿಸ್ತಾನದ ಕಡೆಯಿಂದ ಬರೆದಾಗ ಈ ಸಂಗತಿ ಹೊರಬಿತ್ತು. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ನಡುವಣ 23 ವರ್ಷ ಆ ಶೌರ್ಯ ಎಲ್ಲಿತ್ತು?

ಕನ್ನಡ ನಾಡಿನ ವೀರಗಲ್ಲುಗಳನ್ನು ಕೇಳಿದರೆ ಉತ್ತರ ಕಷ್ಟ. ಅಲ್ಲಿ ಕೆಳಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಕೆಳಪಟ್ಟಿ ಕೆತ್ತಬೇಕಾದರೆ ಕಾದಾಟವನ್ನು ಯಾರಾದರೂ ಕಂಡಿರಬೇಕು, ಊರಿಗೆ ಬಂದು ಹೇಳಿರಬೇಕು. ದೇವಯ್ಯನವರ ಕೆಳಪಟ್ಟಿಯನ್ನು ಕೆತ್ತಿಕೊಟ್ಟದ್ದು ಹಗೆಯ ನೆನಪು.

ಗೀತೆಯೂ ಇಲ್ಲಿ ಸಲೀಸಾಗಿ ಒದಗುವುದಿಲ್ಲ. ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಮೊದಲು ಅರ್ಜುನನಿಗೆ ಅಪಕೀರ್ತಿಯ ಭಯ ಹುಟ್ಟಿಸುತ್ತಾನೆ, ಸತ್ತರೆ ಸ್ವರ್ಗವೆಂದು ಆಸೆ ತೋರಿಸುತ್ತಾನೆ. ಹತ್ತು ಶ್ಲೋಕ ಕಳೆಯುವುದರೊಳಗೆ ಫಲದ ಮೇಲೆ ನಿನಗೆ ಅಧಿಕಾರವಿಲ್ಲ ಎನ್ನುತ್ತಾನೆ. ವ್ಯಾಖ್ಯಾನಕಾರರು ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುವ ಉಪದೇಶವೆಂದು ಹೊಂದಿಸುತ್ತಾರೆ. ಇರಬಹುದು. ಆದರೆ ಸರ್ಗೋಧಾದ ಆಕಾಶದಲ್ಲಿ ಮೊದಲ ಮೆಟ್ಟಿಲೇ ಇರಲಿಲ್ಲ: ಹೊಗಳಲು, ತೆಗಳಲು ತನ್ನವರು ಯಾರೂ ಹತ್ತಿರವಿರಲಿಲ್ಲ.

ಮಧ್ವಾಚಾರ್ಯರ ದರ್ಶನದಲ್ಲಿ ಸಾಕ್ಷಿಯೆಂಬುದು ಹೊರಗಿನವನಲ್ಲ, ಜೀವದ ಸ್ವರೂಪಕ್ಕೇ ಸೇರಿದ, ತಪ್ಪಿಲ್ಲದೆ ಅರಿಯುವ ಇಂದ್ರಿಯ. ಆ ಲೆಕ್ಕದಲ್ಲಿ ತಿರುಗಿ ಬಿದ್ದ ಗಳಿಗೆಯಲ್ಲೇ ದೇವಯ್ಯನವರ ಕರ್ಮ ಪೂರ್ಣ. ಪದಕ ಅದಕ್ಕೇನನ್ನೂ ಕೂಡಿಸದು. ಹಾಗೆಂದು ದಿಲ್ಲಿಯ ವಿಳಂಬಕ್ಕೆ ನಿಷ್ಕಾಮ ಕರ್ಮದ ಹೊದಿಕೆ ಹೊದಿಸಬಾರದು. ಫಲ ಬಿಡಬೇಕಾದವನು ಮಾಡಿದವನು, ಕೊಡಬೇಕಾದವರಲ್ಲ. ಪತಿಯ ಪದಕ ಪಡೆಯಲು ಪತ್ನಿ 23 ವರ್ಷ ಕಾಯಬೇಕಾದದ್ದು ವೇದಾಂತವಲ್ಲ.

ಈಗ ಮಡಿಕೇರಿಯ ವೃತ್ತದಲ್ಲಿ ಅವರ ಪ್ರತಿಮೆಯಿದೆ. 2025ರಲ್ಲಿ ಅವರ ಕಥೆಯಿಂದ ಪ್ರೇರಣೆ ಪಡೆದ ‘ಸ್ಕೈ ಫೋರ್ಸ್’ ಎಂಬ ಹಿಂದಿ ಸಿನಿಮಾ ಕೂಡ ಬಂತು. ಪಾತ್ರಕ್ಕೆ ಮಾತ್ರ ಬೇರೆ ಹೆಸರು. ಕೀರ್ತಿಯ ಆಸೆ ಬಿಡುವ ಕೆಲಸವನ್ನು ಅವರ ಪರವಾಗಿ ಬಾಲಿವುಡ್ಡೇ ವಹಿಸಿಕೊಂಡಂತಿತ್ತು.